ಸೈನಿಕರಿಗೆ ರೊಟ್ಟಿ ಗಂಟು

ಕುಕನೂರಿನ ಗೊಬ್ಬರದಂಗಡಿ ಪ್ರಭುರಾಜನಿಗೆ ಯಾರಿಗೂ ಇಲ್ಲ ಎಂದು ಹೇಳಿ ಗೊತ್ತಿಲ್ಲ. ಕೊಡುವುದೆಲ್ಲ ಹೆಂಡತಿ ಶೈಲಜಾ ಮಾಡಿಟ್ಟದ್ದೇ ಎಂಬುದು ಬೇರೆ ಮಾತು. ಅವಳು ಬೆಳಿಗ್ಗೆ ಪೇಟೆಯ ಬಳೆ ಅಂಗಡಿಗೆ ಹೋದ ಹೊತ್ತು ನೋಡಿಯೇ ನಿವೃತ್ತ ಹವಾಲ್ದಾರ್ ಕೊಟ್ರಬಸಪ್ಪ ಬಾಗಿಲಿಗೆ ಬಂದ.

ಓಣಿಯ ಹಂಪವ್ವನ ಮಗ ಹುಲಿಗೇಶ ದಕ್ಷಿಣ ಸುಡಾನಿಗೆ ಹೋದ ಭಾರತದ ಶಾಂತಿಪಾಲನಾ ಪಡೆಯಲ್ಲಿದ್ದ. ಅಲ್ಲಿ ಎಲ್ಲವೂ ಸಿಗುತ್ತದೆ, ಖಡಕ್ ರೊಟ್ಟಿ ಮಾತ್ರ ಇಲ್ಲ ಎಂದು ತಾಯಿಯ ಹತ್ತಿರ ಗೋಳಾಡಿದ್ದನಂತೆ. ಬೆಳಗಾವಿಯಿಂದ ಅಲ್ಲಿಗೆ ಹೊಸ ತುಕಡಿ ಹೊರಡುವುದಿತ್ತು. ಅವರ ಕೈಯಲ್ಲಿ ಕಳಿಸಲು ಊರೆಲ್ಲ ರೊಟ್ಟಿ ಕೂಡಿಸುತ್ತಿತ್ತು.

"ದೇಶದ ಕೆಲಸ, ಪ್ರಭಣ್ಣ. ನಿಮ್ಮ ಮನಿಯಿಂದ ಏನು ಕೊಡ್ತೀರಿ?"

ಪ್ರಭುರಾಜನ ಎದೆ ಉಬ್ಬಿತು. ಅಡುಗೆಮನೆಯ ನೆಲುವಿನ ಮೇಲೆ ಸೀರೆ ಅಂಗಡಿಯ ಥಳಥಳಿಸುವ ಚೀಲವೊಂದು ಬಾಯಿ ಬಿಗಿದುಕೊಂಡು ಕೂತಿತ್ತು. ಅಲ್ಲಾಡಿಸಿದರೆ ರೊಟ್ಟಿಯ ಸಪ್ಪಳ. ಬಿಚ್ಚಿಯೂ ನೋಡದೆ ಎತ್ತಿ ಕೊಟ್ಟು, ಒಂದು ಸೆಲ್ಯೂಟನ್ನೂ ಹೊಡೆದ.

ಕೊಟ್ರಬಸಪ್ಪ ಓಣಿ ದಾಟುವಷ್ಟರಲ್ಲಿ ಶೈಲಜಾಳ ಫೋನು ಬಂತು. "ಏನ್ರಿ, ನಾಳಿ ದಾನೇಶ್ವರಿ ಕುಬಸದ ಬುತ್ತಿ ಕಟ್ಟಿಟ್ಟೀನಿ. ಬೆಕ್ಕು ಬಾಯಿ ಹಾಕದಂಗ ನೋಡ್ಕೊಳ್ರಿ. ಮದುವ್ಯಾಗ ಉಂಡಿ ಸಣ್ಣಾಗಿದ್ದಕ್ಕ ಗಂಗಾವತಿ ಬೀಗರು ಇನ್ನೂ ಆಡ್ಕೋತಾರ. ಬುತ್ತಿ ಕೆಟ್ಟರ ಮಗಳು ಅಲ್ಲಿ ತಲಿ ಎತ್ತಂಗಿಲ್ಲ."

ಪ್ರಭುರಾಜ ಖಾಲಿ ನೆಲುವನ್ನು ನೋಡಿದ. ಚೊಚ್ಚಲ ಬಸುರಿ ಮಗಳ ಸೀಮಂತಕ್ಕೆ ತವರಿನ ಬುತ್ತಿ! ಅದನ್ನೇ ಸುಡಾನಿಗೆ ಎತ್ತಿಕೊಟ್ಟಿದ್ದ! ಅಡುಗೆಮನೆಯೆಲ್ಲ ತಡಕಾಡಿದ. ಮೂಲೆಯ ಬುಟ್ಟಿಯಲ್ಲಿ ಬಣ್ಣಗೆಟ್ಟ ಹಳೇ ಸೀರೆಯ ಗಂಟೊಂದು ಕಂಡಿತು. ಇಂಥ ಅರಿವೆಯಲ್ಲಿ ಇನ್ನೇನಿದ್ದೀತು, ಎಮ್ಮೆಗೆ ತೆಗೆದಿಟ್ಟ ಮುರುಕು ರೊಟ್ಟಿ. ಹಸಿದವರಿಗೆ ಮುರುಕಾದರೇನು, ಇಡಿಯಾದರೇನು ಎಂದು ಸಮಾಧಾನ ಮಾಡಿಕೊಂಡು ಗಂಟನ್ನು ಹೊತ್ತು ಓಡಿದ. ಇಂಥವನಿಂದ ಸೆಲ್ಯೂಟು ಬೇರೆ!

ಕೊಟ್ರಬಸಪ್ಪನ ಅಂಗಳದಲ್ಲಿ ಟೆಂಪೋ ತುಂಬುತ್ತಿತ್ತು. "ಆ ಚೀಲ ವಾಪಸ್ ಕೊಡ್ರಿ, ಅದರ ಬದಲಿ ಇದನ್ನ ತಂದೀನಿ" ಎಂದ ಪ್ರಭುರಾಜ.

"ಅದೂ ಇರ್ಲಿ, ಇದೂ ಇರ್ಲಿ! ನೋಡ್ರಪಾ, ದಾನ ಅಂದ್ರ ಹಿಂಗಿರಬೇಕು!" ಎಂದು ಕೊಟ್ರಬಸಪ್ಪ ಟೆಂಪೋಗೆ ಕಟ್ಟಿದ್ದ ಚೆಂಡುಹೂವಿನ ಮಾಲೆ ಬಿಚ್ಚಿ ಅವನ ಕೊರಳಿಗೆ ಹಾಕಿದ. ಯಾರೋ ಫೋಟೋ ಹೊಡೆದರು.

"ಹಂಗಲ್ರಿ, ಅದರಾಗ ಖಾರ ಭಾಳ ಆಗೈತಿ."

"ಗುಂಡಿಗೆ ಅಂಜಲಾರದವರು ನಿಮ್ಮ ಖಾರಕ್ಕ ಅಂಜ್ತಾರೇನು?"

ಎಲ್ಲರೂ ನಕ್ಕರು. ಟೆಂಪೋ ಗುರ್ ಎಂದಿತು. ಪ್ರಭುರಾಜ ಮಾನ ಬಿಟ್ಟು ಕೂಗಿದ: "ಅದಕ್ಕ ಇರುವಿ ಮುತ್ಯಾವ್ರಿ!"

ಟೆಂಪೋದಲ್ಲಿ ಕೂತಿದ್ದ ಹಂಪವ್ವ ಎದ್ದು ನಿಂತಳು. "ಏನಂದಿ ತಮ್ಮಾ? ನನ್ನ ಮಗಗ ಇರುವಿ ಮುತ್ತಿದ್ದು ಕೊಟ್ಟಿದ್ಯಾ? ನಾಚಿಕಿ ಬರೂದಿಲ್ಲ ನಿನಗ?" ಚೀಲ ಅವನ ಎದೆಗೆ ಬಂದು ಬಡಿಯಿತು. ಕೊಟ್ರಬಸಪ್ಪ ಮಾಲೆಯನ್ನೂ ಬಿಡದೆ ಕಿತ್ತುಕೊಂಡ. ಹಳೇ ಸೀರೆಯ ಗಂಟು ಟೆಂಪೋ ಏರಿತು. ಮರ್ಯಾದೆ ಹೋದರೂ ಮಗಳ ಬುತ್ತಿ ಉಳಿಯಿತಲ್ಲ ಎಂದು ಪ್ರಭುರಾಜ ಚೀಲವನ್ನು ಕೂಸಿನಂತೆ ಅಪ್ಪಿಕೊಂಡು ಮನೆ ಸೇರಿದ.

ಸಂಜೆ ಬಂದ ಶೈಲಜಾ ಬುಟ್ಟಿ ನೋಡಿ ಗಾಬರಿಯಾದಳು. "ಸೀರಿ ಗಂಟು ಎಲ್ಲಿ?"

"ಬುತ್ತಿ ಇಲ್ಲೇ ಐತೆಲ್ಲ" ಎಂದು ಅವನು ಚೀಲ ತೋರಿಸಿದ.

"ಅಯ್ಯ, ಅದು ಎಮ್ಮಿಗೆ ಇಟ್ಟ ಮುರುಕು! ಹೋಳಿಗಿ, ರೊಟ್ಟಿ ಮುರೀಬಾರದು ಅಂತ ನಮ್ಮವ್ವನ ಮೆತ್ತನ ಸೀರ್‍ಯಾಗ ಕಟ್ಟಿದ್ದೆ!"

ಅಷ್ಟರಲ್ಲಿ ಪ್ರಭುರಾಜನ ಫೋನು ಬಡಿದುಕೊಂಡಿತು. ಶೈಲಜಾಳೇ ಎತ್ತಿ ಸ್ಪೀಕರಿಗೆ ಹಾಕಿದಳು.

"ಪ್ರಭಣ್ಣ, ತಪ್ಪಾತು ನಮ್ದು!" ಎಂದ ಕೊಟ್ರಬಸಪ್ಪ. "ಬೆಳಗಾವ್ಯಾಗ ಒಪ್ಪಿಸಿಬಿಟ್ಟಿವಿ. ಒಪ್ಪಿಸೂಮುಂದ ಹಂಪವ್ವ ನಿಮ್ಮ ಗಂಟು ಬಿಚ್ಚಿ ನೋಡಿ ಅತ್ತುಬಿಟ್ಟಳ್ರಿ. ಸ್ವಂತ ಮಗಳ ಕುಬಸಕ್ಕೂ ಯಾರೂ ಇಂಥಾ ಬುತ್ತಿ ಕಟ್ಟೂದಿಲ್ಲ ಅಂದಳು!"

ಶೈಲಜಾ ಫೋನು ಕೆಳಗಿಟ್ಟಳು. ಎಮ್ಮೆಯ ಚೀಲ ತಂದು ಗಂಡನ ತೊಡೆಯ ಮೇಲಿಟ್ಟಳು.

"ನಾಳಿ ಬೀಗರ ಮುಂದ ನೀವ ಬಿಚ್ಚರಿ."