ಹಾಜರಿ ಪುಸ್ತಕದ ಖಾಲಿ ಕಾಲಂ

ನನ್ನ ಕೆಲಸ ಏನು ಅಂತ ಯಾರಾದರೂ ಕೇಳಿದರೆ ಸಾಕು, ಅಲ್ಲೊಂದು ಎಡವಟ್ಟು ಆಗಿಯೇ ಆಗುತ್ತದೆ. ಇದು ಇವತ್ತು ನಿನ್ನೆಯದಲ್ಲ. ಎಂಬತ್ತರ ದಶಕದಲ್ಲಿ ತಿರುಪ್ಪೂರಿನ ಒಂದು ಬನಿಯನ್ ಕಂಪೆನಿಗೆ ಸೇರಿದ ದಿನದಿಂದ ನಡೆದುಕೊಂಡು ಬಂದಿದೆ. ಈಗಿನವರು ಆ ಕೆಲಸಕ್ಕೆ ಎಂಟರ್‌ಪ್ರೈಸ್ ಆರ್ಕಿಟೆಕ್ಟ್ ಅಂತ ಹೆಸರಿಟ್ಟು, ಕೋಟು ಹಾಕಿಕೊಂಡು ಗಂಟೆಗಟ್ಟಲೆ ಭಾಷಣ ಮಾಡುತ್ತಾರೆ. ನನ್ನ ಕಾಲಕ್ಕೆ ಹೆಸರೂ ಇರಲಿಲ್ಲ, ಕೋಟೂ ಇರಲಿಲ್ಲ. ಬಯ್ಗುಳ ಮಾತ್ರ ಇತ್ತು.

ಕಾಲಂ

ನಮ್ಮ ಮೊದಲಾಳಿ, ಅಂದರೆ ಕಂಪೆನಿ ಯಜಮಾನರು, ಕೊಯಮತ್ತೂರಿನಲ್ಲಿ ಯಾವುದೋ ಮೀಟಿಂಗಿಗೆ ಹೋಗಿ ಎರಡು ವಿಷಯ ಕೇಳಿಕೊಂಡು ಬಂದಿದ್ದರು. ಒಂದು, ಇನ್ನು ಮೇಲೆ ಕಂಪ್ಯೂಟರ್ ಇಲ್ಲದೆ ಆಗುವುದಿಲ್ಲ. ಎರಡು, ದೊಡ್ಡ ಕಂಪೆನಿಗಳಲ್ಲಿ ಎಲ್ಲಾ ಕೆಲಸವನ್ನೂ ಒಟ್ಟಾಗಿ ನೋಡುವವನು ಒಬ್ಬ ಇರುತ್ತಾನೆ. ಹಾಗಾಗಿ ಒಂದೇ ವಾರದಲ್ಲಿ ಇಬ್ಬರನ್ನು ಸೇರಿಸಿಕೊಂಡರು. ಕಂಪ್ಯೂಟರಿಗೆ ಒಬ್ಬ ಹುಡುಗ, ಒಟ್ಟಾಗಿ ನೋಡುವುದಕ್ಕೆ ನಾನು.

ಹಾಜರಿ ಬರೆಯುವ ಗುಮಾಸ್ತರು ಹಳೇ ಕಾಲದವರು. ಪುಸ್ತಕದಲ್ಲಿ ನಾಲ್ಕು ಕಾಲಂ: ಹೆಸರು, ಊರು, ಕೆಲಸ, ಯಾರ ಕೈಕೆಳಗೆ. ಕಂಪ್ಯೂಟರ್ ಹುಡುಗನದು ಅರ್ಧ ನಿಮಿಷದಲ್ಲಿ ಮುಗಿಯಿತು. ನನ್ನ ಸರದಿ ಬಂದಾಗ ಹೆಸರು ಬರೆದರು, ಅನ್ನೂರು ಅಂತ ಊರು ಬರೆದರು. "ಕೆಲಸ ಏನು ತಂಬಿ?" ಅಂದರು.

ನಾನು ಡಿಪ್ಲೊಮಾ ಮಾಡಿದ್ದ ಹೊಸ ಹುರುಪಿನಲ್ಲಿ ಕಾಲು ಗಂಟೆ ಹೇಳಿದೆ. ಗುಮಾಸ್ತರು ಮಧ್ಯೆ ಎರಡು ಸಲ ಪೆನ್ನು ಊರಿದರು, ಎರಡು ಸಲ ಎತ್ತಿದರು. ಕೊನೆಗೆ ಕ್ಯಾಪು ಮುಚ್ಚಿ, "ಕಾಲಂ ಚಿಕ್ಕದು ತಂಬಿ" ಅಂದರು.

ಮೊದಲಾಳಿ ಮನೆಮಾತೂ ನಮ್ಮ ಹಾಗೆ ಕನ್ನಡ. ವಿಷಯ ಅವರಿಗೆ ಹೋಯಿತು. "ಪೊಂಗಲ್ ತನಕ ಟೈಮ್ ಕೊಡ್ತೀನಪ್ಪಾ. ಅಷ್ಟರೊಳಗೆ ಆ ಕಾಲಮ್ಮಲ್ಲಿ ಹಿಡಿಯೋ ಹಾಗೆ ನಿನ್ ಕೆಲಸ ಏನು ಅಂತ ಹೇಳ್ಬಿಡು. ಹೇಳಕ್ಕಾಗಲಿಲ್ಲಾಂದ್ರೆ ಊರಲ್ಲಿ ನಿಮ್ಮಪ್ಪನ ಮಗ್ಗ ಇದ್ದೇ ಇದೆಯಲ್ಲ" ಅಂದರು. ಮಗ್ಗದ ಮುಂದೆ ಕೂರುವುದಕ್ಕೆ ನನಗೇನೂ ಬೇಸರವಿರಲಿಲ್ಲ. ಆದರೆ ಮಗ್ಗ ಬಿಡಿಸಬೇಕು ಅಂತಲೇ ಅಪ್ಪ ನನ್ನನ್ನು ಓದಿಸಿದ್ದರು.

ಚರಂಡಿ

ಮೊದಲಾಳಿಗೆ ಇದ್ದ ದೊಡ್ಡ ಅನುಮಾನ ಒಂದೇ. ಕಂಪ್ಯೂಟರ್ ಹುಡುಗನಿಗೂ ನನಗೂ ಏನು ವ್ಯತ್ಯಾಸ? ಅವನು ಎಸಿ ರೂಮಿನಲ್ಲಿ ಕೂರುತ್ತಾನೆ, ನಾನು ಬಿಸಿಲಲ್ಲಿ ತಿರುಗುತ್ತೇನೆ, ಅಷ್ಟು ಅವರಿಗೆ ಕಾಣುತ್ತಿತ್ತು. ನಾನು ಬಹಳ ಯೋಚನೆ ಮಾಡಿ, ಹಳ್ಳಿಯವರಿಗೂ ಅರ್ಥವಾಗುವ ಹಾಗೆ ಹೇಳಿದೆ. "ಮೊದಲಾಳೀ, ಒಂದು ಮನೆಗೆ ನಲ್ಲಿ, ಪೈಪು ಹಾಕೋದು ಅವನು. ಇಡೀ ಊರಿಗೆ ಬೀದಿ ಎಲ್ಲಿ ಹೋಗಬೇಕು, ಚರಂಡಿ ಎಲ್ಲಿ ಹೋಗಬೇಕು ಅಂತ ನೋಡೋದು ನಾನು."

ಮೊದಲಾಳಿ ತಲೆ ಆಡಿಸಿದರು. ಅವತ್ತು ಊಟ ರುಚಿಯಾಗಿತ್ತು.

ಮೂರನೇ ದಿನ ಬಟ್ಟೆ ಅದ್ದುವ ಬಣ್ಣದ ಮನೆಯಿಂದ ಆಳು ಓಡಿ ಬಂದ. ಚರಂಡಿ ಕಟ್ಟಿಕೊಂಡಿದೆಯಂತೆ, ನೀಲಿ ನೀರು ಒಳಗೇ ನಿಂತಿದೆಯಂತೆ. "ಅದಕ್ಕೆ ನನ್ನ ಯಾಕಪ್ಪಾ ಕರೀತೀಯ?" ಅಂದೆ. "ಚರಂಡಿ ನಿಮ್ದಂತಲ್ಲ ಸಾರ್, ಮೊದಲಾಳಿ ಹೇಳಿದ್ರು" ಅಂದ. ಬಾಯಿಬಿಟ್ಟು ಹೇಳಿದ ಮಾತು, ಹೇಗೆ ತಪ್ಪಿಸಿಕೊಳ್ಳಲಿ? ಪ್ಯಾಂಟು ಮಡಿಸಿ, ಮೊಣಕಾಲಿನ ತನಕ ನೀಲಿ ನೀರಿನಲ್ಲಿ ನಿಂತು, ಬಿದಿರು ಗಳದಿಂದ ಚುಚ್ಚಿ ಚುಚ್ಚಿ ಬಿಡಿಸಿದೆ.

ಬಣ್ಣ ಒಳ್ಳೇ ಕ್ವಾಲಿಟಿ. ಒಂದು ವಾರ ಸೋಪು ಹಾಕಿ ತಿಕ್ಕಿದರೂ ಕಾಲು ನೀಲಿಯೇ. ಕಂಪ್ಯೂಟರ್ ರೂಮಿಗೆ ಚಪ್ಪಲಿ ಬಿಟ್ಟು ಹೋಗಬೇಕು. ಚಪ್ಪಲಿ ಬಿಟ್ಟೆ. ಹುಡುಗ ನನ್ನ ಪಾದ ನೋಡಿ, "ಸಾರ್, ಸಾಕ್ಸೂ ಬಿಚ್ಚಿ ಬನ್ನಿ" ಅಂದ.

ಅಳಿಯ

ಭಾನುವಾರ ಅನ್ನೂರಿಗೆ ಟೌನ್ ಬಸ್ಸಿನಲ್ಲಿ ಹೋದರೆ ಅಮ್ಮನದೂ ಇದೇ ಪ್ರಶ್ನೆ. ನೆಂಟರು ಕೇಳುತ್ತಾರಂತೆ, ಏನು ಹೇಳುವುದು? ನಾನು ಬಟ್ಟೆ ನೇಯುತ್ತೇನಾ? ಇಲ್ಲ. ಹೊಲಿಯುತ್ತೇನಾ? ಇಲ್ಲ. ಆ ಕಂಪ್ಯೂಟರ್ ಓಡಿಸುತ್ತೇನಾ? ಅದನ್ನು ಆನ್ ಮಾಡಕ್ಕೂ ಬರುವುದಿಲ್ಲ. "ಮತ್ತೆ?" ಅಂದಳು. "ಎಲ್ಲಾರೂ ಏನೇನು ಮಾಡ್ತಾರೋ ಅದನ್ನೆಲ್ಲಾ ನೋಡ್ಕೊಂಡಿರ್ತೀನಿ ಕಣಮ್ಮಾ" ಅಂದೆ.

ಅಮ್ಮ ಪಕ್ಕದ ಮನೆ ದೊಡ್ಡಮ್ಮನಿಗೆ ಇದನ್ನೇ ಹೆಮ್ಮೆಯಿಂದ ಹೇಳಿದಳು. "ನಮ್ಮೋನು ಕಂಪೆನೀಲಿ ಎಲ್ಲಾನೂ ನೋಡ್ತಾನಕ್ಕಾ. ಅವನೇನೂ ಮಾಡಲ್ಲ."

ದೊಡ್ಡಮ್ಮ ಮುಖ ಊದಿಸಿಕೊಂಡಳು. "ಮೊದಲಾಳಿ ಮಗಳ ಮದ್ವೆ ಮಾಡ್ಕೊಂಡ ಅಂತ ನಮಗೊಂದು ಮಾತು ಹೇಳಬಾರದಾಗಿತ್ತಾ?"

ಮೂವತ್ತಾರನೇ ಸೈಜು

ಕಾರ್ತಿಕದ ಹೊತ್ತಿಗೆ ನಾನು ದೊಡ್ಡ ನಕ್ಷೆ ಒಂದನ್ನು ಬರೆದೆ. ದಪ್ಪ ಕಂದು ಕಾಗದ, ಬಾಗಿಲಷ್ಟು ಅಗಲ. ನೂಲು ಬರುವಲ್ಲಿಂದ ಬನಿಯನ್ ಪೆಟ್ಟಿಗೆಗೆ ಹೋಗುವ ತನಕ ಯಾರು ಯಾರಿಗೆ ಏನು ಕೊಡುತ್ತಾರೆ, ಯಾರ ಮಾತಿಗೆ ಯಾರು ಕಾಯುತ್ತಾರೆ, ಎಲ್ಲಾ ಚೌಕ, ಎಲ್ಲಾ ಬಾಣ. ಹದಿನೆಂಟು ದಿನದ ಕೆಲಸ. ಕಂಪ್ಯೂಟರಿಗೂ ಒಂದು ಮೂಲೆಯಲ್ಲಿ ಸಣ್ಣ ಚೌಕ ಕೊಟ್ಟಿದ್ದೆ. ಅದನ್ನು ತೋರಿಸಿದರೆ ಸಾಕು, ವ್ಯತ್ಯಾಸ ಮೊದಲಾಳಿಗೆ ಕಣ್ಣಿಗೇ ಕಾಣುತ್ತದೆ ಅಂತ ನನ್ನ ಲೆಕ್ಕಾಚಾರ. ಸುರುಳಿ ಸುತ್ತಿ, ಕಟಿಂಗ್ ಟೇಬಲ್ ಮೇಲೆ ಇಟ್ಟು ಟೀ ಕುಡಿಯಲು ಹೋದೆ.

ಬಂದು ನೋಡಿದರೆ ಸುರುಳಿ ಇಲ್ಲ. ಕಟಿಂಗ್ ಮಾಸ್ಟರು ಹೊಸ ಪ್ಯಾಟರ್ನ್ ಕತ್ತರಿಸಿ, ಬಟ್ಟೆ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಹತ್ತಿರ ಹೋಗಿ ನೋಡಿದೆ. ನನ್ನ ಇಡೀ ಕಂಪೆನಿ ಮೂವತ್ತಾರನೇ ಸೈಜಿನ ಬನಿಯನ್ ಆಗಿ ಮಲಗಿತ್ತು. ಎದೆಯ ಮೇಲೆ ಹೊಲಿಗೆ ವಿಭಾಗ, ಕಂಕುಳಲ್ಲಿ ಬಣ್ಣದ ಮನೆ. ಮೊದಲಾಳಿಯ ಚೌಕ ಕುತ್ತಿಗೆ ಹತ್ತಿರ ಬಂದಿದ್ದರಿಂದ ಕತ್ತರಿಸಿ ಬಿಸಾಕಿದ್ದರು.

ನನಗೆ ಅಳುವೇ ಬಂತು. "ಮಾಸ್ಟರ್, ಇದು ನನ್ನ ನಕ್ಷೆ" ಅಂದೆ.

ಮಾಸ್ಟರು ಕನ್ನಡಕ ಏರಿಸಿ ನೋಡಿದರು. "ನಿಮ್ದಾ ತಂಬಿ? ನೀವು ಬಂದ ಮೇಲೆ ಕಂಪೆನಿಗೆ ಉಪಯೋಗಕ್ಕೆ ಬಂದದ್ದು ಇದೇ ಮೊದಲು. ಮೂವತ್ತೆಂಟಕ್ಕೂ ಒಂದು ಬರೆದುಕೊಡಿ."

ಮಯಿಲ

ತಿರುಪ್ಪೂರಿನಲ್ಲಿ ಆಗ ಕಂಪೆನಿ ಅಂದರೆ ಒಂದು ಕಟ್ಟಡವಲ್ಲ. ಹೆಣಿಗೆ ಒಂದು ಬೀದಿಯಲ್ಲಿ, ಬಣ್ಣ ಹೊಳೆ ಕಡೆಗೆ, ಬಟ್ಟೆಯನ್ನು ಬಿಸಿ ರೋಲರಿನಲ್ಲಿ ಹಾಯಿಸಿ ಸಮ ಮಾಡುವ ಕ್ಯಾಲೆಂಡರಿಂಗ್ ಇನ್ನೊಂದು ಬೀದಿಯಲ್ಲಿ, ಕತ್ತರಿಸಿ ಹೊಲಿಯುವುದು ನಮ್ಮಲ್ಲಿ. ಇದನ್ನೆಲ್ಲಾ ಸೇರಿಸುತ್ತಿದ್ದದ್ದು ಒಂದು ಒಂಟಿ ಎತ್ತಿನ ಬಂಡಿ. ಎತ್ತು ಕಾಂಗೇಯಂ ತಳಿ, ಬೂದು ಬಣ್ಣ, ಹೆಸರು ಮಯಿಲ. ಬಂಡಿಯವರು ಬಟ್ಟೆ ಮೂಟೆ ಮೇಲೆ ಮಲಗಿದರೆ ಅವರನ್ನು ಎಬ್ಬಿಸುವುದೇ ಕಷ್ಟ. ದಾರಿ ಎಲ್ಲಾ ಎತ್ತಿಗೇ ಗೊತ್ತಿತ್ತು.

ನಾನು ನೋಟು ಪುಸ್ತಕ ಹಿಡಿದು ಮೂರು ದಿನ ಆ ಎತ್ತಿನ ಹಿಂದೆ ನಡೆದೆ. ಬೀದಿಯವರು ನಕ್ಕರು, ನಗಲಿ ಬಿಡು ಅಂದುಕೊಂಡೆ. ಯಾಕೆಂದರೆ ದೊಡ್ಡ ತಪ್ಪೊಂದು ನನ್ನ ಕೈಗೆ ಸಿಕ್ಕಿತ್ತು. ಬಣ್ಣದ ಮನೆಯಿಂದ ಕ್ಯಾಲೆಂಡರಿಂಗಿಗೆ ನೇರ ರೋಡು ಇದೆ. ಆದರೆ ಮಯಿಲ ಪ್ರತಿ ಸಲವೂ ಎಡಕ್ಕೆ ಒಂದು ಸಂದಿಗೆ ತಿರುಗಿ, ಬೇವಿನ ಮರದ ಕೆಳಗೆ ಒಂದು ಮನೆ ಮುಂದೆ ನಿಲ್ಲುತ್ತಿದ್ದ. ಆ ಮನೆ ಅಜ್ಜಿ ಒಂದು ಬಕೆಟ್ಟು ಕಲಗಚ್ಚು ತಂದಿಡುತ್ತಿದ್ದರು. ಅವನು ಅಕ್ಕಿ ತೊಳೆದ ಆ ನೀರನ್ನು ಕುಡಿಯುವಷ್ಟು ಹೊತ್ತು ಅಜ್ಜಿ ಮೂಟೆಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ನಾನು ಬರೆದುಕೊಂಡೆ: ಕಲಗಚ್ಚು, ಹತ್ತು ನಿಮಿಷ ದಂಡ. ಅಜ್ಜಿ ಅಂತ ಬರೆದು ಅದರ ಪಕ್ಕದಲ್ಲಿ ಬರೆದೆ: ಕುತೂಹಲ.

ಮಾರ್ಗಳಿ ತಿಂಗಳು, ಅಂದರೆ ಧನುರ್ಮಾಸ, ಬಂತು. ಬೊಂಬಾಯಿಯಿಂದ ದೊಡ್ಡ ಆರ್ಡರು, ಪೊಂಗಲಿಗೆ ಮೊದಲು ಲಾರಿ ಹೊರಡಬೇಕು. ಇದೇ ಸಮಯ ಅಂತ ಬಂಡಿಯವರಿಗೆ ಹೇಳಿದೆ, ಇನ್ನು ಮೇಲೆ ನೇರ ರೋಡು. ಅವರು ಮಲಗಿದ್ದಲ್ಲಿಂದಲೇ, "ನನಗೆ ಹೇಳಿ ಏನು ಪ್ರಯೋಜನ ತಂಬಿ, ಅವನಿಗೆ ಹೇಳಿ" ಅಂದರು. ನಾನೇ ಹಗ್ಗ ಹಿಡಿದು ಕೂತೆ. ತಿರುವಿನಲ್ಲಿ ಬಲಕ್ಕೆ ಎಳೆದೆ. ಮಯಿಲ ನಿಂತ. ಇಳಿದು ಮುಂದಿನಿಂದ ಎಳೆದೆ, ಅಲ್ಲಾಡಲಿಲ್ಲ. ಹಿಂದೆ ಧಾರಾಪುರಂ ಬಸ್ಸು ಹಾರನ್ ಹೊಡೆಯಿತು, ಕಿಟಕಿಯಿಂದ ಎಲ್ಲರೂ ಬುದ್ಧಿ ಹೇಳಿದರು. ಕೊನೆಗೆ ಅವನು ಎಡಕ್ಕೆ ಹೋದ, ನಾನು ಹಿಂದೆ ಹಿಂದೆ ಹೋದೆ.

ಮಾರನೇ ದಿನ ಹಠ ಹಿಡಿದು ಒಂದು ವ್ಯಾನು ತರಿಸಿದೆ. ಮೂರು ದಿನ ನೇರ ರೋಡಿನಲ್ಲಿ ಬಟ್ಟೆ ಸರ್ ಅಂತ ಹೋಯಿತು. ಮೊದಲಾಳಿ ಬೆನ್ನು ತಟ್ಟಿದರು. ಕಾಲಂ ತುಂಬಿದ ಹಾಗೇ ಅಂದುಕೊಂಡೆ.

ನಾಲ್ಕನೇ ದಿನ ಚೆಕಿಂಗ್ ಮಾಡುವ ಅಕ್ಕ ಒಬ್ಬರು ಹೊಲಿದ ಬನಿಯನ್ ಒಂದನ್ನು ಎತ್ತಿ ಹಿಡಿದರು. ಮೂವತ್ತಾರರ ಚೀಟಿ ಇತ್ತು, ಬನಿಯನ್ ಮಾತ್ರ ಮೂರನೇ ಕ್ಲಾಸಿನ ಹುಡುಗನಿಗೆ ಆಗುವಂಥದು. ಮೂಟೆ ಬಿಚ್ಚಿ ನೋಡಿದರೆ ಎಲ್ಲಾ ಹಾಗೆಯೇ, ಕುಗ್ಗಿ ಕೂತಿವೆ. ಯಾರು ದಾರಿ ಬದಲಾಯಿಸಿದ್ದು ಅಂತ ಮೊದಲಾಳಿ ಕೇಳಿದಾಗ ಕೈ ಎತ್ತಬೇಕಾಯಿತು.

ಅಜ್ಜಿ ಮನೆಗೆ ಓಡಿದೆ. "ಮೂರು ದಿನದಿಂದ ಅವನು ಬರಲಿಲ್ಲ, ಕಲಗಚ್ಚೆಲ್ಲಾ ಹುಳಿ ಬಂತು" ಅಂತ ಅಜ್ಜಿ ನನ್ನನ್ನೇ ಬಯ್ದರು. ಆಮೇಲೆ ವಿಷಯ ಹೊರಬಂತು. ಅವರ ಯಜಮಾನರು ಜೀವಮಾನವೆಲ್ಲಾ ಕ್ಯಾಲೆಂಡರಿಂಗ್ ಮೆಷಿನ್ ಓಡಿಸಿದವರು. ಹಸಿ ಬಟ್ಟೆಯನ್ನು ರೋಲರಿಗೆ ಕೊಟ್ಟರೆ ಜಗ್ಗುತ್ತದೆ, ಆಮೇಲೆ ಕುಗ್ಗುತ್ತದೆ. ಮಾರ್ಗಳಿಯ ಮಂಜಿಗೆ ಬಟ್ಟೆ ಒಣಗುವುದಿಲ್ಲ. ಅಜ್ಜಿ ಮೂಟೆ ಮುಟ್ಟಿ, ಹಸಿ ಇದ್ದದ್ದನ್ನು ಇಳಿಸಿಕೊಂಡು ಹಿತ್ತಿಲ ಹಗ್ಗಕ್ಕೆ ಹಾಕಿ, ಒಣಗಿದ ಮೇಲೆ ಮುಂದಿನ ಬಂಡಿಗೆ ಏರಿಸುತ್ತಿದ್ದರು. ಬಂಡಿಯವರು ಇದು ಮೊದಲಾಳಿ ಮಾಡಿದ ಏರ್ಪಾಡು ಅಂದುಕೊಂಡಿದ್ದರು. ಮೊದಲಾಳಿ ಇದನ್ನು ಕ್ಯಾಲೆಂಡರಿಂಗಿನವರು ನೋಡುತ್ತಾರೆ ಅಂದುಕೊಂಡಿದ್ದರು. ಅವರು ಬಣ್ಣದ ಮನೆಯವರು ನೋಡುತ್ತಾರೆ ಅಂದುಕೊಂಡಿದ್ದರು.

"ಇದು ನಿಮ್ಮ ಕೆಲಸ ಅಂತ ಯಾರು ಹೇಳಿದ್ರು ಅಜ್ಜೀ?" ಅಂದೆ.

"ಯಾರೂ ಹೇಳಲಿಲ್ಲಪ್ಪಾ. ಎತ್ತು ಬಂದು ಮನೆ ಮುಂದೆ ನಿಂತ್ಕೊಂಡ್ರೆ ಸುಮ್ನೆ ಇರಕ್ಕಾಗತ್ತಾ?" ಅಂದರು. ಆ ಕ್ಷಣಕ್ಕೆ ನನಗೆ ನನ್ನ ನೋಟು ಪುಸ್ತಕವನ್ನು ನುಂಗಿಬಿಡಬೇಕು ಅನ್ನಿಸಿತು.

ಕುಗ್ಗಿದ್ದನ್ನು ಪಕ್ಕಕ್ಕಿಟ್ಟೆವು. ಉಳಿದ ಬಟ್ಟೆ ಎಲ್ಲಾ ಮಯಿಲನೇ ಹೊತ್ತ, ಲಾರಿ ಹೇಗೋ ಹೊರಟಿತು. ಮೊದಲಾಳಿ ಬಯ್ಯಲಿಲ್ಲ, ಅದು ಇನ್ನೂ ಕಷ್ಟ. "ಹೋಗಕ್ಕೆ ಮುಂಚೆ, ನೀನು ಮಾಡಿದ ತಪ್ಪು ಇನ್ನೊಬ್ಬನು ಮಾಡದ ಹಾಗೆ ಇರೋದನ್ನ ಇರೋ ಹಾಗೇ ಬರೆದಿಟ್ಟು ಹೋಗು" ಅಂದರು. ಹೊಸ ನಕ್ಷೆ ಬರೆದೆ. ನೂಲು, ಹೆಣಿಗೆ, ಬಿಳುಪು, ಬಣ್ಣ, ಹೀಗೆ ಹಂತಕ್ಕೊಂದು ನಂಬರು. ಬಣ್ಣದ ಮನೆಗೂ ಕ್ಯಾಲೆಂಡರಿಂಗಿಗೂ ನಡುವೆ ಒಂದು ಚೌಕ: "ಐದು. ಕಲಗಚ್ಚು, ಹತ್ತು ನಿಮಿಷ." ಅದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ನನಗೆ ಗೊತ್ತಿರಲಿಲ್ಲ, ಹಾಗೇ ಇಂಗ್ಲಿಷ್ ಅಕ್ಷರದಲ್ಲಿ ಬರೆದೆ. ಕಂಪ್ಯೂಟರ್ ಹುಡುಗ ಚೆನ್ನಾಗಿ ಪ್ರಿಂಟ್ ತೆಗೆದ. ಒಂದು ಪ್ರತಿಯನ್ನು ಶೋಕಿಗೆ ಬೊಂಬಾಯಿ ಕಾಗದಗಳ ಜೊತೆ ಸೇರಿಸಿ ಕಳಿಸಿದ.

ಪೊಂಗಲಿನ ಹಿಂದಿನ ದಿನ, ಭೋಗಿ ಹಬ್ಬಕ್ಕೆ, ನಾನು ಟ್ರಂಕು ಕಟ್ಟುತ್ತಿದ್ದೆ. ಬೊಂಬಾಯಿ ವ್ಯಾಪಾರಿಯ ಕಾಗದ ಬಂತು. ಒಂದು ಬನಿಯನ್ನೂ ಕುಗ್ಗಿಲ್ಲವಂತೆ. ಬೇರೆ ಯಾವ ಕಂಪೆನಿಯಲ್ಲೂ ಈ ಐದನೇ ಹಂತ ಇಲ್ಲವಂತೆ. ಕಲಗಚ್ಚು ಅನ್ನೋದು ಯಾವ ಕೆಮಿಕಲ್, ಎಲ್ಲಿ ಸಿಗುತ್ತದೆ ಅಂತ ಕೇಳಿದ್ದರು. ಜೊತೆಗೆ ಎರಡರಷ್ಟು ಆರ್ಡರು.

ಮೊದಲಾಳಿ ನಕ್ಕು ನಕ್ಕು ಕಣ್ಣೊರೆಸಿಕೊಂಡು ಹಾಜರಿ ಪುಸ್ತಕ ತರಿಸಿದರು. "ಬರೀರಿ. ಎತ್ತಿಗೆ ಗೊತ್ತಿರೋದನ್ನ ಕಾಗದದ ಮೇಲೆ ಬರೆಯೋನು." ಗುಮಾಸ್ತರು ಬರೆದರು, ಕಾಲಮ್ಮಿನಲ್ಲಿ ಸರಿಯಾಗಿ ಹಿಡಿಯಿತು. "ಹಾಗಾದ್ರೆ ಕಂಪ್ಯೂಟರ್ ತಂಬಿ ಮಾಡೋದೇನು?" ಅಂದರು. "ಅದನ್ನ ಪೆಟ್ಟಿಗೇಲಿ ಇಡೋನು" ಅಂದರು ಮೊದಲಾಳಿ. ಇವತ್ತಿನ ತನಕ ಇಷ್ಟು ಚೆನ್ನಾಗಿ ಆ ವ್ಯತ್ಯಾಸ ಹೇಳಿದವರನ್ನು ನಾನು ಕಾಣೆ. ನನಗೆ ಟ್ರಂಕಿನ ಮೇಲೇ ಕೂತುಬಿಡುವಷ್ಟು ಸಮಾಧಾನವಾಯಿತು.

ದನಗಳ ಹಬ್ಬ ಮಾಟ್ಟು ಪೊಂಗಲ್ ದಿನ ಮಯಿಲನ ಕೊಂಬಿಗೆ ಬಣ್ಣ ಹಚ್ಚಿದರು. ಸುತ್ತ ನಿಂತ ಬೀದಿಯ ಮಕ್ಕಳೆಲ್ಲಾ ನನ್ನ ಬನಿಯನ್ ಹಾಕಿಕೊಂಡಿದ್ದರು. ಯಾವ ಮಗುವನ್ನು ನೋಡಿದರೂ ನನ್ನ ತಪ್ಪು ಕಾಣುತ್ತಿತ್ತು.

ಗುಮಾಸ್ತರು ಮಾತ್ರ ಕೆಲಸ ಅರ್ಧಕ್ಕೆ ಬಿಡುವವರಲ್ಲ. ನಾಲ್ಕನೇ ಕಾಲಂ, ಯಾರ ಕೈಕೆಳಗೆ, ಇನ್ನೂ ಖಾಲಿ ಇತ್ತಲ್ಲ, ಯಾರನ್ನೂ ಕೇಳದೆ ತುಂಬಿಬಿಟ್ಟಿದ್ದರು. ಅದು ಗೊತ್ತಾದದ್ದು ಮರುವರ್ಷ, ತಪಾಸಣೆಗೆ ಬಂದ ಸಾಹೇಬರು ಪುಸ್ತಕ ತಿರುವಿ ನನ್ನನ್ನು ಕರೆಸಿದಾಗ.

"ನಿಮ್ಮ ಮೇಲಧಿಕಾರಿ ಮಯಿಲ ಅಂತ ಇದೆ. ಅವರನ್ನ ಒಂದು ನಿಮಿಷ ಕರೀರಿ" ಅಂದರು.

ನಾನು ಗುಮಾಸ್ತರ ಕಡೆ ತಿರುಗಿದೆ. ಗುಮಾಸ್ತರು ತಲೆ ಎತ್ತದೆ ಹೇಳಿದರು. "ರೌಂಡಿಗೆ ಹೋಗಿದ್ದಾರೆ ಸಾರ್. ದಾರೀಲಿ ಒಂದು ಕಡೆ ಹತ್ತು ನಿಮಿಷ ನಿಲ್ತಾರೆ. ಇವರು ಒಂದು ಸಲ ಬೇಡ ಅಂದು ನೋಡಿದ್ರು, ಅವರು ಒಪ್ಪಲಿಲ್ಲ."