ಬೀಗರು ಉಡುಗೊರೆ ಕೊಟ್ಟ ಜಾಯ್‌ಸ್ಟಿಕ್ಕಿಗೆ ಒಂದು ಬಿನ್ನಹ

ನಾರಿನ್ ಪಟ್ಟಣದ ಕಂಪ್ಯೂಟರ್ ಕ್ಲಬ್ಬಿನಲ್ಲಿ ನನ್ನ ಮೇಜನ್ನು ಅಲಂಕರಿಸಿರುವ, ಕಪ್ಪು ಮೈಯ, ಕೆಂಪು ಗುಂಡಿಯ ಜಾಯ್‌ಸ್ಟಿಕ್ ಮಹಾಶಯರ ಸನ್ನಿಧಿಗೆ, ಬಿಷ್ಕೆಕ್ ದಾರಿಯ ಮಿನಿಬಸ್ ಚಾಲಕನೂ, ಬಾಹ್ಯಾಕಾಶ ಯುದ್ಧದ ಆಟದಲ್ಲಿ ನಮ್ಮೂರ ತಂಡದ ನಾಯಕನೂ (ಇಂದು ಮಧ್ಯಾಹ್ನದವರೆಗಾದರೂ) ಆದ ಜಿರ್ಗಲ್‌ಬೆಕ್ ತಲೆಬಾಗಿ ಸಲ್ಲಿಸುವ ವಂದನೆಗಳು.

ಮಾನ್ಯರೇ,

ನನ್ನ ಮಗಳು ಬೇಗಿಮಾಯಿಯ ನಿಶ್ಚಿತಾರ್ಥದಲ್ಲಿ ಕರಾಕೋಲಿನ ಬೀಗರಾದ ತುರಾತ್‌ಬೆಕ್ ಅವರು ರೂಢಿಯಂತೆ ಹೆಗಲಿಗೆ ನಿಲುವಂಗಿ ಹೊದಿಸುವ ಬದಲು ತಮ್ಮನ್ನು ನನ್ನ ತೊಡೆಯ ಮೇಲಿಟ್ಟು, "ಬೀಗ್ರೇ, ನೌಕೆ ಹಾರಿಸೋ ಗಂಡಸು ಹಿಡಿಯೋದು ಇದನ್ನ. ಮೌಸು ಆಫೀಸ್ ಗುಮಾಸ್ತರಿಗೆ" ಎಂದಾಗ, ಗೌರವಕ್ಕೆಂದು ಬಡಿಸಿದ ಕುರಿಯ ತಲೆಯ ಮುಂದೆ ಕುಳಿತಿದ್ದ ಹಿರಿಯರೆಲ್ಲ ತಲೆದೂಗಿದ್ದು ತಮಗೆ ನೆನಪಿರಬಹುದು. ಬೀಗರು ಹೊದಿಸಿದ್ದನ್ನು ಬೀಗರೆದುರು ತೊಡದಿದ್ದರೆ ಸಂಬಂಧಕ್ಕೇ ಅವಮಾನವೆನ್ನುವ ನಾಡು ನಮ್ಮದು. ಹೀಗಾಗಿ ಎಷ್ಟೋ ಚಳಿಗಾಲ ನನ್ನ ಕೈಯಲ್ಲಿ ಸವೆದ ಬಡ ಮೌಸನ್ನು ಡ್ರಾಯರಿಗೆ ತಳ್ಳಿ ತಮ್ಮನ್ನು ಹಿಡಿದೆ.

ತಮ್ಮ ಗುಣಗಾನಕ್ಕೆ ಈ ಹಾಳೆ ಸಾಲದು. ಮೌಸಿನಲ್ಲಿ ಶತ್ರುವಿನ ಮೇಲೆ ಬಾಣದ ಗುರುತಿಟ್ಟರೆ ಗುಂಡು ಅಲ್ಲಿಗೇ ಹೋಗುತ್ತದೆ, ಎಂಥ ಒರಟುತನ. ತಾವಾದರೋ ಶತ್ರುವಿನ ಎಡಕ್ಕೊಮ್ಮೆ ಬಲಕ್ಕೊಮ್ಮೆ ಗೌರವದಿಂದ ಸುತ್ತಿ, ಅವನಿಗೆ ತಿರುಗಲು ಸಾಕಷ್ಟು ಸಮಯ ಕೊಟ್ಟು, ಕೊನೆಗೆ ಪಕ್ಕದ ಉಲ್ಕೆಯನ್ನು ಹೊಡೆಯುತ್ತೀರಿ. ತಪ್ಪು ನನ್ನದೂ ಇದೆ. ಡೋಲೋನ್ ಘಾಟಿಯ ಇಳಿಜಾರಿನಲ್ಲಿ ಅಪಾಯ ಕಂಡೊಡನೆ ಗೇರನ್ನು ಎರಡಕ್ಕೆ ಎಳೆದು ಪಳಗಿದ ಕೈ, ಕ್ಷಿಪಣಿ ಕಂಡಾಗಲೂ ತಮ್ಮನ್ನು ಹಿಂದಕ್ಕೆ ಎಳೆಯುತ್ತದೆ. ತಾವು ಒಡನೆಯೇ ಮೂಗೆತ್ತಿ ನೌಕೆಯ ಹೊಟ್ಟೆಯನ್ನು ಶತ್ರುವಿಗೆ ತೋರಿಸುತ್ತೀರಿ. ಕ್ಲಬ್ಬಿನವರೆಲ್ಲ "ಅಣ್ಣಾ, ಪ್ಯಾಸೆಂಜರ್ ಇಳೀಬೇಕಂತೆ, ನಿಲ್ಸಿ" ಎಂದು ನಗುತ್ತಾರೆ.

ಕಳೆದ ತಿಂಗಳು ಕರಾಕೋಲಿನಲ್ಲಿ ಬೀಗರ ತಂಡದ ಎದುರೇ ಹೀನಾಯವಾಗಿ ಸೋತೆವು. ಅಭಿನಂದಿಸಲು ಹೋದಾಗ ಬೀಗರು ಮೇಜಿನ ಮೇಲಿದ್ದ ಬಿಳಿ ಕಲ್ಪಾಕ್ ಟೋಪಿಯನ್ನು ಎತ್ತಿ ತಲೆಗಿಟ್ಟುಕೊಂಡರು. ಅದರಡಿ ಬೆಚ್ಚಗೆ ಕುಳಿತಿತ್ತು, ಮೌಸು. "ಏನ್ ಮಾಡೋದು ಬೀಗ್ರೇ, ಮಣಿಕಟ್ಟು ನೋವು. ನಿಮ್ಮಷ್ಟು ಕಸುವು ನಮಗೆಲ್ಲಿ" ಎಂದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಹೆಣ್ಣು ಕೊಟ್ಟವನ ಬಾಯಿಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಇಂದು ಇಲ್ಲೇ ಮರುಪಂದ್ಯ. ಸೋತರೆ ನಾಯಕನ ಕುರ್ಚಿ ನಮ್ಮ ತಂಡದ ನುರಾಯಿಮ್‌ಗೆ ಎಂದು ಎಲ್ಲರೂ ಸೇರಿ ತೀರ್ಮಾನಿಸಿದ್ದಾರೆ. ದನದ ಡಾಕ್ಟರಾದ ಆಕೆ, "ಕುರ್ಚಿ ಬಿಟ್ಟೋಗಿ ಅಣ್ಣಾ, ಆ ಕೋಲು ಮಾತ್ರ ಬಿಟ್ಟೋಗ್ಬೇಡಿ" ಎಂದು ಮುಂಚಿತವಾಗಿಯೇ ಕೇಳಿಕೊಂಡಿದ್ದಾಳೆ. ಆ ಕುರ್ಚಿಯೊಂದೇ ನನ್ನ ಬದುಕಿನಲ್ಲಿ ಚಕ್ರವಿಲ್ಲದೆ ಹಾರಿದ ಆಸನ. ಅದನ್ನು ಬಿಡಲು ನನಗೆ ಮನಸ್ಸಿಲ್ಲ.

ಆದಕಾರಣ ತಮ್ಮಲ್ಲಿ ಸಣ್ಣ ಕೋರಿಕೆ: ಈ ಮಧ್ಯಾಹ್ನದ ಮಟ್ಟಿಗೆ ತಾವು ಮೌಸಾಗಿ ಹುಟ್ಟಬೇಕು. ಅದು ಆಗದಿದ್ದರೆ, ನಾನು ಹಿಂದಕ್ಕೆ ಎಳೆದಾಗ ಕನಿಷ್ಠ ಪಕ್ಷ ಬ್ರೇಕಾದರೂ ಹಾಕಬೇಕು. ಅದೂ ಆಗದಿದ್ದರೆ ಚಿಂತಿಸಬೇಡಿ, ಉಡುಗೊರೆಗೆ ಮುಯ್ಯಿ ತೀರಿಸುವುದು ನಮ್ಮಲ್ಲೂ ಇದೆ. ನಿನ್ನೆ ಬೇಗಿಮಾಯಿಯ ಮದುವೆಯ ಊಟದಲ್ಲಿ, ಅವರ ಕಡೆಯ ಹಿರಿಯರೆಲ್ಲ ನೋಡುತ್ತಿದ್ದಂತೆ, ತಮ್ಮ ದೊಡ್ಡಣ್ಣನನ್ನು ಬೀಗರ ತೊಡೆಯ ಮೇಲಿಟ್ಟಿದ್ದೇನೆ: ಎರಡು ಕೈಗೆ ಎರಡು ಕೋಲು, ಕೆಳಗೆ ಎರಡು ಪೆಡಲು. ಆ ಹಿರಿಯರನ್ನು ಇಂದಿನ ಪಂದ್ಯಕ್ಕೆ ಮೊದಲ ಸಾಲಿನಲ್ಲೇ ಕೂರಿಸುತ್ತೇನೆ.

ಗಂಡಸರ ಆಯುಧವನ್ನೇ ಹಿಡಿದು ಕೂರುವ,
ತಮ್ಮ ವಿಶ್ವಾಸಿ,
ಜಿರ್ಗಲ್‌ಬೆಕ್

ಮರೆತ ಮಾತು: ಈ ಪತ್ರವನ್ನು ಕ್ಲಬ್ಬಿನ ಬಾಗಿಲಿಗೆ ಅಂಟಿಸಿದ್ದೇನೆ, ಒಳಗೆ ಬರುವಾಗ ಬೀಗರೂ ಓದಲಿ. ಟೋಪಿಗಳನ್ನು ಬಾಗಿಲ ಬಳಿಯ ಗೂಟಕ್ಕೆ ನೇತುಹಾಕಬೇಕೆಂದು ಇಂದಿನಿಂದ ನಿಯಮವಾಗಿದೆ. ಮಣಿಕಟ್ಟು ನೋವಿದ್ದವರು ಕಾಲಿನಲ್ಲೇ ಹಾರಿಸಬಹುದೆಂದು ಪೆಡಲು ಮಾರಿದ ಅಂಗಡಿಯವನು ಆಣೆ ಮಾಡಿ ಹೇಳಿದ್ದಾನೆ.