ಮುಚ್ಚಿಟ್ಟ ತಟ್ಟೆಯ ಆರೋಗ್ಯ ನಿಯಮಗಳು

ಸಂಖ್ಯೆ: ಉಗ್ರಾಣ/ಕೂಟ/ಹೊಟ್ಟೆ/17 (ತಿದ್ದುಪಡಿಯ ತಿದ್ದುಪಡಿ)

ವಿಷಯ: ರಜಾದಿನದ ಬೇಸಿಗೆ ಕೂಟದಲ್ಲಿ ಕೆಂಡದ ಮೇಲೆ ಸುಟ್ಟ ಆಹಾರವನ್ನು ಆರೋಗ್ಯಕರವಾಗಿ ಸೇವಿಸುವ ಬಗ್ಗೆ.

ಉಲ್ಲೇಖ: 1. ಕಳೆದ ವರ್ಷದ ಕೂಟ. 2. ಕೂಟದ ಮರುದಿನ ಮುಖ್ಯಾಧಿಕಾರಿಗಳ ಹೊಟ್ಟೆ.

ಕಳೆದ ವರ್ಷ ಉಗ್ರಾಣದ ಹಿತ್ತಿಲಲ್ಲಿ ನಡೆದ ಕೂಟದಲ್ಲಿ ಮುಖ್ಯಾಧಿಕಾರಿಗಳು ಮೂರು ತಟ್ಟೆ ಮಾಂಸ ಸೇವಿಸಿ, ಮರುದಿನದ ಕಡತಗಳಿಗೆಲ್ಲ ಶೌಚಾಲಯದಿಂದಲೇ ಸಹಿ ಹಾಕಿದ್ದು ಸರಿಯಷ್ಟೆ. ಈ ಬಗ್ಗೆ ನೇಮಿಸಿದ್ದ ಸಮಿತಿಯು ಸಿಬ್ಬಂದಿಯೇ ಮಿತಿಮೀರಿ ತಿನ್ನುತ್ತಾರೆಂದು ವರದಿ ನೀಡಿರುವುದರಿಂದ, ಕೆಳಕಂಡಂತೆ ನಡೆದುಕೊಳ್ಳಲು ಈ ಮೂಲಕ ಸೂಚಿಸಲಾಗಿದೆ.

1. ತಟ್ಟೆಯ ಅರ್ಧ ಭಾಗ ತರಕಾರಿಯೇ ಇರತಕ್ಕದ್ದು. ಅಳತೆಪಟ್ಟಿಯನ್ನು ಸಿಬ್ಬಂದಿಯೇ ತರತಕ್ಕದ್ದು. ಸೌತೆಕಾಯಿ ಬಿಲ್ಲೆಯಡಿ ಮಾಂಸದ ತುಂಡು ಅಡಗಿಸುವುದನ್ನು ದಾಖಲೆ ತಿದ್ದಿದ ಅಪರಾಧವೆಂದು ಪರಿಗಣಿಸಲಾಗುವುದು.

2. ಪ್ರತಿ ತುತ್ತನ್ನೂ ಮೂವತ್ತೆರಡು ಸಲ ಅಗಿಯತಕ್ಕದ್ದು. ಹಲ್ಲು ಬಿದ್ದವರು, ಬಿದ್ದ ಹಲ್ಲುಗಳ ಪ್ರಮಾಣಪತ್ರ ಲಗತ್ತಿಸತಕ್ಕದ್ದು. ನುಂಗುವ ಮುನ್ನ ಗುಮಾಸ್ತರ ಅನುಮತಿ ಕಡ್ಡಾಯ. ಗುಮಾಸ್ತರು ಊಟಕ್ಕೆ ಹೋಗಿದ್ದಲ್ಲಿ, ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಕಾಯತಕ್ಕದ್ದು.

3. ಸಿಹಿ ಪಾನೀಯದ ಬದಲು ನೀರು ಕುಡಿಯತಕ್ಕದ್ದು. ಐಸ್‌ಕ್ರೀಮನ್ನು ನೋಡಬಹುದು.

4. ಊಟದ ನಂತರ ಎಲ್ಲರೂ ಉಗ್ರಾಣದ ಸುತ್ತ ಹತ್ತು ಸುತ್ತು ನಡೆಯತಕ್ಕದ್ದು. ಮುಖ್ಯಾಧಿಕಾರಿಗಳ ಪರವಾಗಿ ಅವರ ಚಾಲಕರು ನಡೆಯತಕ್ಕದ್ದು. ಕರಗಿದ ಬೊಜ್ಜನ್ನು ಮುಖ್ಯಾಧಿಕಾರಿಗಳ ಹೆಸರಿಗೇ ನಮೂದಿಸಲಾಗುವುದು.

5. ಮೂಟೆ ಹೊರುವ, ಎಲ್ಲರೂ ಕೆಂಡಣ್ಣ ಎಂದು ಕರೆಯುವ ಸಿಬ್ಬಂದಿಯೊಬ್ಬರು ಪ್ರತಿ ವರ್ಷ ಸೀಳಿದ ಪೀಪಾಯಿಯ ಒಲೆಯ ಮುಂದೆ ಬೆಳಗಿನಿಂದ ನಿಂತು ಮುನ್ನೂರು ತುಂಡು ಸುಡುವುದು, ಅವರಿಗೆಂದು ಒಂದು ತಟ್ಟೆ ಬಡಿಸಿ ಕಿಟಕಿಯ ಕಟ್ಟೆಯ ಮೇಲೆ ಮುಚ್ಚಿಡುವುದು, ಎಲ್ಲರದೂ ಆದ ಮೇಲೆ ಅವರು ನಿಂತೇ ಉಣ್ಣುವುದು ಈವರೆಗಿನ ರೂಢಿ. ಮುಖ್ಯಾಧಿಕಾರಿಗಳ ಮೂರನೇ ತಟ್ಟೆ ಇದೇ ಆಗಿತ್ತು. ಮೊದಲ ಎರಡು ತಟ್ಟೆಗಳು ತಿನ್ನುವಾಗ ಯಾವ ತೊಂದರೆಯನ್ನೂ ಕೊಡದಿದ್ದುದರಿಂದ, ತಪ್ಪು ಮೂರನೆಯದರದ್ದೇ ಎಂದು ಸಮಿತಿ ತೀರ್ಮಾನಿಸಿದೆ. ಆದ್ದರಿಂದ ಇನ್ನು ಮುಂದೆ ಯಾರಿಗೂ ತಟ್ಟೆ ಮುಚ್ಚಿಡುವುದನ್ನು ನಿಷೇಧಿಸಲಾಗಿದೆ. ಐದು ಗಂಟೆ ಹೊಗೆ ಕುಡಿದವರಿಗೆ ಹಸಿವಾಗುವುದಿಲ್ಲವೆಂದು, ಹೊಗೆಯಿಂದ ದೂರ ನೆರಳಲ್ಲಿ ಕುಳಿತಿದ್ದ ಮೂವರು ಸದಸ್ಯರೂ ಒಮ್ಮತದಿಂದ ಅಭಿಪ್ರಾಯಪಟ್ಟಿದ್ದಾರೆ.

6. ವಿಚಾರಣೆಯಲ್ಲಿ ಕೆಂಡಣ್ಣ ನೀಡಿದ ಹೇಳಿಕೆ ಇಷ್ಟೇ: “ಮುಚ್ಚಿದ್ದನ್ನ ತೆಗೆಯೋವಾಗ, ಇದು ಯಾರದ್ದು ಅಂತ ಒಂದು ಮಾತು ಕೇಳಬೇಕಿತ್ತು ಸಾರ್.” ಹೇಳಿಕೆಯಲ್ಲಿ ಪೌಷ್ಟಿಕಾಂಶದ ವಿಷಯವೇನೂ ಕಂಡುಬರದ ಕಾರಣ ಅದನ್ನು ಕೈಬಿಡಲಾಗಿದೆ.

7. ಸದರಿಯವರು ಈ ಸಲ ಕೂಟಕ್ಕೆ ಬಾರದೆ, ಹೆಂಡತಿಯ ಜೊತೆ ಮನೆಯಲ್ಲೇ ಕೂತು ಉಣ್ಣುವುದಾಗಿ ತಿಳಿಸಿರುತ್ತಾರೆ. ಪೂರ್ವಭಾವಿ ಪರೀಕ್ಷೆಯಲ್ಲಿ ಸಮಿತಿಯ ಸದಸ್ಯರು ಎರಡು ಗಂಟೆ ಒಲೆ ಊದಿದ್ದು, ಒಬ್ಬರ ಹುಬ್ಬು ಮಾತ್ರ ಹೊತ್ತಿಕೊಂಡಿದೆ. ಆದುದರಿಂದ ಒಲೆ ಹಚ್ಚಬಲ್ಲ ಯಾರೇ ಆದರೂ ಕೂಡಲೇ ಮುಂದೆ ಬರಬೇಕೆಂದು ಕೋರಲಾಗಿದೆ. ಅಂಥವರಿಗೆ, ಮುಖ್ಯಾಧಿಕಾರಿಗಳ ಸ್ವಂತ ಆಲೋಚನೆಯ ಹೊಸ ಯೋಜನೆಯಡಿ, ಒಂದು ತಟ್ಟೆ ಬಡಿಸಿ, ಮುಚ್ಚಿಟ್ಟು, ಕಾವಲು ಹಾಕಲಾಗುವುದು. ಕಾವಲಿಗೆ ಮುಖ್ಯಾಧಿಕಾರಿಗಳೇ ಸ್ವಯಂಪ್ರೇರಿತರಾಗಿ ಮುಂದೆ ಬಂದಿರುತ್ತಾರೆ.

(ಸಹಿ: ಜಿಡ್ಡಿನಿಂದಾಗಿ ಅಸ್ಪಷ್ಟ)
ಅಧ್ಯಕ್ಷರು, ಆರೋಗ್ಯ ಸಮಿತಿ
ಹಾಗೂ ಮುಖ್ಯಾಧಿಕಾರಿಗಳ ಭಾವಮೈದುನರು

ಪ್ರತಿಗಳು:
ಎಲ್ಲ ವಿಭಾಗಗಳಿಗೆ, ಹಸಿವಾಗುವ ಮುನ್ನ ಓದಿಕೊಳ್ಳಲು.
ಮುಖ್ಯಾಧಿಕಾರಿಗಳ ಚಾಲಕರಿಗೆ, ಗಟ್ಟಿ ಚಪ್ಪಲಿಯೊಂದಿಗೆ ಹಾಜರಾಗಲು.
ಕೆಂಡಣ್ಣ ಅವರಿಗೆ, ಅವರ ಮನೆಯ ಬಾಗಿಲ ಸಂದಿಯಿಂದ. (ಎರಡು ಸಲ ತಟ್ಟಿದರೂ ತೆರೆದಿಲ್ಲ. ಒಳಗಿನಿಂದ ಮಾಂಸ ಸುಡುವ ಘಮ ಬಂದಿದೆ.)
ಉಳಿದ ಇನ್ನೂರು ಪ್ರತಿಗಳು ಒಲೆಯ ಬಾಯಿಗೆ, ಹೊತ್ತಿಕೊಂಡರೆ.